ಬಸ್ರೂರಿನ ಕಥೆಗೊಂದು ಕಿರುಚಿತ್ರ

ಯುದ್ಧವನ್ನು ವಸ್ತುವಾಗುಳ್ಳ ಚಲನಚಿತ್ರಗಳು ಪ್ರಾಯಶಃ ಸೇನಾನಿಯ ಶೌರ್ಯವನ್ನೇ ಕೊಂಡಾಡುತ್ತ, ಆತನ ಮಾರ್ಗದಲ್ಲಿ ಮನೆಮಠಗಳನ್ನು ಕಳೆದುಕೊಂಡ ಗೃಹಸ್ಥರನ್ನು ಮರೆತುಬಿಡುವುದುಂಟು. 1962ರಲ್ಲಿ ಕಾನ್ ಉತ್ಸವದ ಕಿರುಚಿತ್ರ ಪುರಸ್ಕಾರವನ್ನು ಪಡೆದ ಫ್ರೆಂಚ್ ನಿರ್ದೇಶಕ ರೊಬೆರ್ ಆನ್ರಿಕೋನ ಕೃತಿಯಾದರೋ, ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರು ಸೇತುವೆಯ ಮೇಲೆ ಗಲ್ಲಿಗೇರಿಸುವ ಓರ್ವ ನಾಗರಿಕನ ಅಂತಿಮ ಕ್ಷಣಗಳನ್ನು ಅರ್ಧ ಗಂಟೆಯೊಳಗೇ ಹೃದಯವಿದ್ರಾವಕವಾಗಿ ನಿರೂಪಿಸಿತು.

ಅಂಥ ಚಿತ್ರಕ್ಕೆ ವಸ್ತುವನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ತರುಣರು ದೂರದಲ್ಲಿ ಅರಸಬೇಕಾಗಿಲ್ಲ. ವಾರಾಹೀ ತೀರದ ಬಸ್ರೂರು, ಅಕ್ಕಿಯ ವಾಣಿಜ್ಯದಿಂದ ಸಮೃದ್ಧವಾಗಿ, ಪೋರ್ಚುಗೀಸರ ಕೋಟೆಯ ಕಾಲವನ್ನು ದಾಟಿ ಕೆಳದಿಯ ಅರಸರ ವಶದಲ್ಲಿದ್ದಾಗ, 1665ರ ಫೆಬ್ರವರಿಯಲ್ಲಿ ಶಿವಾಜಿಯ ನೌಕಾಬಲವು ಸಮುದ್ರಮಾರ್ಗವಾಗಿ ಬಂದು ಅದನ್ನು ಸೂರೆಗೈದಿತು. ದಂಡನಾಯಕನನ್ನೂ ಕೊಳ್ಳೆಯ ಸಂಪತ್ತನ್ನೂ ಗ್ರಂಥಗಳು ವಿಸ್ತಾರವಾಗಿ ವರ್ಣಿಸುತ್ತವೆ. ಅಕ್ಕಿಮುಡಿಯನ್ನು ಹೊತ್ತವನು, ದೋಣಿಯ ಅಂಬಿಗ, ಮಕ್ಕಳನ್ನು ಎತ್ತಿಕೊಂಡು ಓಡಿದ ತಾಯಿ, ಇವರನ್ನು ಕಾಣಬೇಕಾದರೆ ಕಲಾವಿದನ ಕಲ್ಪನೆಯೇ ನೆರವಾಗಬೇಕು. ಬಂದವರೂ ರಾಕ್ಷಸರಲ್ಲ, ಆ ಹಡಗುಗಳಲ್ಲಿ ದುಡಿದವರು ಬಹುಮಟ್ಟಿಗೆ ಕೊಂಕಣದ ಕೋಳಿ, ಭಂಡಾರಿ ಸಮುದಾಯಗಳ ಕಡಲಮಕ್ಕಳು, ನಮ್ಮ ಗಂಗೊಳ್ಳಿಯ ಮೀನುಗಾರರಂತೆಯೇ ಅಲೆಯನ್ನು ನಂಬಿ ಬಾಳಿದವರು. ಖಡ್ಗ ಹಿಡಿದವನೂ ಬಾಗಿಲ ಹಿಂದೆ ಅಡಗಿದವನೂ ಒಂದೇ ಚೌಕಟ್ಟಿನಲ್ಲಿ ಪರಸ್ಪರ ನೋಡುವ ಆ ಕ್ಷಣವನ್ನು ಚಿತ್ರಿಸಬಲ್ಲವನೇ ನನಗೆ ಬೇಕಾದ ನಿರ್ದೇಶಕ.

ದೊಡ್ಡ ಸೈನ್ಯ, ಅಗ್ನಿಕಾಂಡ ಯಾವುದೂ ಬೇಡ. ಹೊಳೆ, ಕೆಲವು ದೋಣಿಗಳು, ಒಂದು ಹಳೆಯ ಜಗಲಿ ಸಾಕು. ಪಾತ್ರಗಳು ಮಾತ್ರ ಗ್ರಂಥಸ್ಥ ಭಾಷೆಯನ್ನಾಡದೆ ಅಪ್ಪಟ ಕುಂದಗನ್ನಡವನ್ನೇ ಆಡಲಿ.