ನೆಲ ನಿಜಕ್ಕೂ ಡೊಂಕಿದ್ದರೆ?

ದುಡಿಯುವವರ ಬಾಯಿ ಮುಚ್ಚಿಸಲು ನಾವು ಎಡೆಬಿಡದೆ ಬಳಸುವ ಗಾದೆ ಒಂದಿದೆ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬಳ್ಳಾರಿಯ ಯಾವ ಗ್ಯಾರೇಜಿನಲ್ಲಾದರೂ ಕೆಲಸ ಕಲಿಯುವ ಹುಡುಗ ‘ಈ ಪಾನಾ ಜಾರ್ತದ್ರಿ’ ಅಂದರೆ ಅವನ ಕೈಗೆ ಬೇರೆ ಪಾನಾ ಬರುವುದಿಲ್ಲ, ಕಿವಿಗೆ ಈ ಗಾದೆ ಬರುತ್ತದೆ. ಸಾಹಿತ್ಯದ ಓದಿನಲ್ಲಿರುವ ನಾವು ಇದನ್ನೇ ಇನ್ನಷ್ಟು ಚಂದ ಮಾಡಿ ಹೇಳುತ್ತೇವೆ: ಕಸುಬು ಇರುವುದು ಕೈಯಲ್ಲಿ, ಉಪಕರಣ ಬರೀ ನೆಪ.

ಇದನ್ನು ನಮಗೆ ಯಾರಾದರೂ ಹೇಳಿದರೆ ಸುಮ್ಮನಿರುತ್ತೇವೆಯೇ? ಸಂಶೋಧನೆಗೆ ಬೇಕಾದ ಪುಸ್ತಕ ಗ್ರಂಥಾಲಯದಲ್ಲಿ ಇಲ್ಲದಿದ್ದರೆ ಅರ್ಜಿ ಬರೆಯುತ್ತೇವೆ. ಫೆಲೋಶಿಪ್ ತಡವಾದರೆ ಧರಣಿ ಕೂರುತ್ತೇವೆ. ‘ಬುದ್ಧಿ ಇದ್ದವನಿಗೆ ಪುಸ್ತಕ ಯಾಕೆ’ ಎಂದು ಮಾರ್ಗದರ್ಶಕರು ಕೇಳುವುದಿಲ್ಲ. ನಮ್ಮ ಉಪಕರಣ ಹಕ್ಕಾಗಿ, ಅವನ ಉಪಕರಣ ಮಾತ್ರ ನೆಪವಾಗುವುದು ಹೇಗೆ?

ದುಬಾರಿ ಪಾನಾ ಕೊಳ್ಳಬೇಕೋ ಅಗ್ಗದ್ದೇ ಸಾಕೋ ಎನ್ನುವುದು ಹಾರ್ಡ್‌ವೇರ್ ಅಂಗಡಿಯ ಕಟ್ಟೆಗೆ ಸೇರಿದ ಪ್ರಶ್ನೆಯಂತೆ ಕಾಣುತ್ತದೆ. ಅದು ಕೂಲಿಯ ಪ್ರಶ್ನೆ ಎಂಬುದು ನನ್ನ ವಾದ.

ಮೊದಲು ಕಬ್ಬಿಣದ ಮಾತು. ಬೋಲ್ಟಿನ ತಲೆಗೆ ಆರು ಮುಖ, ಆರು ಮೂಲೆ. ಬಾಯಿ ತೆರೆದ ಪಾನಾ ಹಿಡಿಯುವುದು ಎರಡು ಮುಖಗಳನ್ನಷ್ಟೆ. ಉಕ್ಕು ಮೆತ್ತಗಿದ್ದರೆ ಜೋರು ಬಿದ್ದಾಗ ಬಾಯಿ ಕೂದಲೆಳೆಯಷ್ಟು ಅಗಲವಾಗುತ್ತದೆ. ಆಗ ಭಾರವೆಲ್ಲ ಮುಖದಿಂದ ಮೂಲೆಗೆ ಸರಿಯುತ್ತದೆ, ಮೂಲೆ ಸವೆಯುತ್ತದೆ, ಬೋಲ್ಟಿನ ತಲೆ ದುಂಡಾಗುತ್ತದೆ. ಸಿರುಗುಪ್ಪದ ಗದ್ದೆಗಳಲ್ಲಿ ಕೇಜ್ ವೀಲ್ ಹಾಕಿಕೊಂಡು ಕೆಸರಿನಲ್ಲಿ ತಿರುಗಿದ ಟ್ರ್ಯಾಕ್ಟರಿನ ಬೋಲ್ಟು ಮೊದಲೇ ತುಕ್ಕು ಹಿಡಿದಿರುತ್ತದೆ. ಅದು ದುಂಡಾಯಿತೆಂದರೆ ಉಳಿ, ಸುತ್ತಿಗೆ, ಕೊನೆಗೆ ಗ್ಯಾಸ್ ಕಟಿಂಗ್. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ದಿನ ಬೇಕು. ಜಾರಿದ ಪಾನಾದ ಹಿಂದೆಯೇ ಹೋದ ಕೈ ಚಾಸಿಗೆ ಬಡಿದು ಗೆಣ್ಣಿನ ಚರ್ಮ ಕಿತ್ತಿರುತ್ತದೆ. ಇಲ್ಲಿ ಕುಣಿಯಲು ಬಂದರೂ ಬಾರದಿದ್ದರೂ ನೆಲ ಡೊಂಕೇ.

ಹಾಗಂತ ‘ದುಬಾರಿಯದನ್ನೇ ಕೊಳ್ಳು, ಜನ್ಮಪೂರ್ತಿ ಬಾಳುತ್ತದೆ’ ಎನ್ನುವವರ ಪಕ್ಷಕ್ಕೂ ನಾನು ಸೇರುವುದಿಲ್ಲ. ಆ ಉಪದೇಶ ಹೊಟ್ಟೆ ತುಂಬಿದವರದು. ಅಮೆರಿಕದಲ್ಲಿ 1920ರಲ್ಲಿ ಶುರುವಾದ ಸ್ನ್ಯಾಪ್-ಆನ್ ಕಂಪನಿಯ ಉಪಕರಣಗಳು ಲೋಕಪ್ರಸಿದ್ಧ. ಅವನ್ನು ತುಂಬಿಕೊಂಡ ವ್ಯಾನು ಗ್ಯಾರೇಜಿನ ಬಾಗಿಲಿಗೇ ಬರುತ್ತದೆ, ಮೆಕ್ಯಾನಿಕ್ ತನ್ನ ಸಂಬಳದಿಂದ ವಾರವಾರವೂ ಕಂತು ಕಟ್ಟುತ್ತಾನೆ. ಉಪಕರಣ ಜನ್ಮಪೂರ್ತಿ ಬಾಳಬಹುದು, ಸಾಲವೂ ಜೊತೆಗೆ ಬಾಳುತ್ತದೆ. ಆ ಲೆಕ್ಕವನ್ನು ಬಳ್ಳಾರಿಗೆ ತಂದು ನೋಡಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇಲ್ಲಿ ಅದಿರು ಗಣಿಗಾರಿಕೆ ನಿಲ್ಲಿಸಿತು. ಅದಿರಿನ ಲಾರಿಗಳು ನಿಂತವು, ಆ ಲಾರಿಗಳನ್ನೇ ನಂಬಿದ್ದ ಮೆಕ್ಯಾನಿಕ್ಕುಗಳ ಕೈಯೂ ನಿಂತಿತು. ದುಡಿಮೆ ಹೀಗೆ ರಾತ್ರೋರಾತ್ರಿ ನಿಲ್ಲಬಹುದಾದ ಊರಿನಲ್ಲಿ ಸಾಲ ಮಾಡಿ ಹೊಳೆಯುವ ಪಾನಾ ಕೊಳ್ಳು ಎನ್ನುವುದು ವಿವೇಕವಲ್ಲ.

ಎಲ್ಲ ಉಪಕರಣಕ್ಕೂ ಒಂದೇ ನ್ಯಾಯ ಅನ್ವಯಿಸುವುದೂ ಇಲ್ಲ. ಭಾರ ಹೊರುವುದಕ್ಕೆ ದುಡ್ಡು ಹಾಕಬೇಕು, ಉಳಿದದ್ದಕ್ಕೆ ಅಗ್ಗದ್ದು ಸಾಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ ಒಂದರ, 19ನೆಯದರ, ಚೈನು ಕಡಿದು ಗೇಟೇ ಕೊಚ್ಚಿಹೋದದ್ದನ್ನು ನೋಡಿದ ನಮ್ಮ ಜಿಲ್ಲೆಗೆ ಭಾರ ಹೊರುವ ಕೊಂಡಿ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ದಿನವೂ ಬಳಸುವ 10, 12, 14, 17 ಎಂಎಂ ಪಾನಾಗಳು, ಸಾಕೆಟ್ಟು, ಗಾಡಿ ಎತ್ತುವ ಜಾಕು, ಅದರ ಕೆಳಗಿಡುವ ಸ್ಟ್ಯಾಂಡು, ಎಂಜಿನ್ ಹೆಡ್ಡಿನ ಬೋಲ್ಟನ್ನು ಅಳತೆಗೆ ತಕ್ಕಂತೆ ಬಿಗಿಯುವ ಟಾರ್ಕ್ ರೆಂಚ್: ಇಲ್ಲಿ ಜಿಪುಣತನ ಸಲ್ಲ. ಜಾಕು ಕೈಕೊಟ್ಟರೆ ಕೆಳಗೆ ಮನುಷ್ಯನಿರುತ್ತಾನೆ. ಆದರೆ ಸುತ್ತಿಗೆ, ಬ್ರಷ್ಷು, ಆಯಿಲ್ ಟ್ರೇ, ವರ್ಷಕ್ಕೊಮ್ಮೆ ಬೇಕಾಗುವ ವಿಚಿತ್ರ ಅಳತೆಯ ಪಾನಾ ಇವೆಲ್ಲ ಅಗ್ಗದ್ದಾದರೆ ಏನೂ ಮುಳುಗುವುದಿಲ್ಲ.

ಬೆಲೆಗಿಂತ ತಿಳಿವಳಿಕೆ ಮುಖ್ಯವಾಗುವ ಜಾಗಗಳೂ ಇವೆ. ತುಕ್ಕು ಹಿಡಿದ ಬೋಲ್ಟಿಗೆ ಹನ್ನೆರಡು ಮೂಲೆಯ ಹೊಳೆಯುವ ಸಾಕೆಟ್ಟಿಗಿಂತ ಆರು ಮೂಲೆಯ ಸಾದಾ ಸಾಕೆಟ್ಟೇ ಮೇಲು, ಯಾಕೆಂದರೆ ಅದು ಮುಖವನ್ನು ಹೆಚ್ಚು ಅಗಲಕ್ಕೆ ಹಿಡಿಯುತ್ತದೆ. ದುಬಾರಿ ಮತ್ತು ಅಗ್ಗದ ನಡುವೆ ಬಲವಾದ ಮೂರನೆಯ ದಾರಿಯೂ ನಮ್ಮಲ್ಲಿದೆ. ತಪಾರಿಯಾ ಕಂಪನಿ 1969ರಲ್ಲೇ ಸ್ವೀಡನ್ನಿನ ಕಂಪನಿಯೊಂದರ ತಾಂತ್ರಿಕ ಸಹಯೋಗದಲ್ಲಿ ಇಲ್ಲಿ ಉಪಕರಣ ಮಾಡಲು ತೊಡಗಿತು. ಬಾಯಿ ತೆರೆದ ಪಾನಾಕ್ಕೆ ಐಎಸ್ 2028, ರಿಂಗ್ ಪಾನಾಕ್ಕೆ ಐಎಸ್ 2029 ಎಂದು ಭಾರತೀಯ ಮಾನಕಗಳೂ ಇವೆ. ವಿದೇಶಿ ಹೆಸರಿಗೆ ದುಡ್ಡು ಸುರಿಯದೆಯೂ ಜಾರದ ಪಾನಾ ಸಿಗುತ್ತದೆ.

ಆದರೂ ಕೊಳ್ಳುವವನಿಗೆ ಗೊಂದಲ ಯಾಕೆ? ಪಾನಾದಲ್ಲಿ ಮುಖ್ಯವಾದದ್ದು ಕಣ್ಣಿಗೆ ಕಾಣುವುದಿಲ್ಲ. ‘ಕ್ರೋಮ್ ವೆನೇಡಿಯಂ’ ಎಂದು ಯಾರು ಬೇಕಾದರೂ ಅಚ್ಚೊತ್ತಬಹುದು. ಉಕ್ಕನ್ನು ಕಾಯಿಸಿ, ತಣಿಸಿ, ಮತ್ತೆ ಹಿತವಾಗಿ ಕಾಯಿಸಿದ ರೀತಿಯೇ ಅದರ ಗುಣ. ಮೆತ್ತಗಾದರೆ ಬಾಯಿ ಬಿಡುತ್ತದೆ, ವಿಪರೀತ ಗಡುಸಾದರೆ ಸಿಡಿಯುತ್ತದೆ. ಇದಕ್ಕೆ ನಮ್ಮ ಭಾಷೆಯಲ್ಲಿ ‘ಹದ’ ಎನ್ನುವ ಮಾತಿದೆ. ಕುರುಗೋಡಿನಂಥ ಊರುಗಳಲ್ಲಿ ಕುಡಗೋಲು, ಕುಳ ತಟ್ಟುತ್ತಿದ್ದ ಕಮ್ಮಾರನ ಹದ ಊರಿಗೇ ಗೊತ್ತಿರುತ್ತಿತ್ತು. ಕುಡಗೋಲು ಮಣಿದರೆ ಮರುದಿನ ಅದನ್ನು ಅವನ ಕುಲುಮೆಗೇ ಒಯ್ಯಬಹುದಿತ್ತು. ಪ್ಯಾಕೆಟ್ಟಿನಲ್ಲಿ ಬರುವ ಪಾನಾದ ಕಮ್ಮಾರ ಯಾರೋ, ಎಲ್ಲಿದ್ದಾನೋ. ಅವನನ್ನು ಬಲ್ಲ ನಂಬಿಕೆಯ ಜಾಗಕ್ಕೆ ಬ್ರ್ಯಾಂಡು ಬಂದು ಕೂತಿದೆ. ದುಬಾರಿ ಬ್ರ್ಯಾಂಡಿಗೆ ನಾವು ಕೊಡುವ ಹೆಚ್ಚಿನ ದುಡ್ಡಿನಲ್ಲಿ ಉಕ್ಕಿನ ಪಾಲು ಸ್ವಲ್ಪ, ಆ ನಂಬಿಕೆಯ ಪಾಲು ದೊಡ್ಡದು.

ಈಗ ಕೂಲಿಯ ಮಾತು. ಲೆಕ್ಕಕ್ಕೆಂದು ಹೀಗಿಟ್ಟುಕೊಳ್ಳಿ: ಅಗ್ಗದ ಸೆಟ್ಟು 500 ರೂಪಾಯಿ, ಗಟ್ಟಿಯಾದದ್ದು 1,500. ಮಾಲೀಕ ಅಗ್ಗದ್ದನ್ನು ತಂದಿಟ್ಟರೆ ಉಳಿದ ಸಾವಿರ ಅವನ ಜೇಬಿಗೆ, ಕಿತ್ತ ಚರ್ಮ ಹುಡುಗನಿಗೆ, ದುಂಡಾದ ಬೋಲ್ಟಿನ ಖರ್ಚು ಗಿರಾಕಿಗೆ. ‘ನಿನ್ನ ಪಾನಾ ನೀನೇ ತಗೊಂಬಾ’ ಅಂದರೆ ದಿನಕ್ಕೆ 500 ದುಡಿಯುವವನು ಕೆಲಸಕ್ಕೆ ಬರುವ ಮೊದಲೇ ಮೂರು ದಿನದ ಕೂಲಿ ತೆತ್ತಂತಾಯಿತು. ಅವನು ಅಗ್ಗದ್ದನ್ನು ಆರಿಸಿದರೆ ಅದನ್ನು ಅಜ್ಞಾನ ಎನ್ನುವುದು ಹೇಗೆ? ಆ ವಾರದ ಮನೆಯ ಸಂತೆ ಅವನ ಲೆಕ್ಕದಲ್ಲಿರುತ್ತದೆ. ‘ಅಗ್ಗದ್ದು ಕೊನೆಗೆ ದುಬಾರಿ’ ಎಂಬ ಮಾತು ನಿಜವೇ. ಆದರೆ ಆ ಕೊನೆಯವರೆಗೆ ಕಾಯುವ ಶಕ್ತಿ ಇದ್ದವರಿಗೆ ಮಾತ್ರ ಅದು ಪ್ರಯೋಜನಕ್ಕೆ ಬರುತ್ತದೆ.

ಸರ್ಕಾರಕ್ಕೆ ಈ ಸಂಗತಿ ಗೊತ್ತಿಲ್ಲವೆಂದಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಕುಶಲಕರ್ಮಿಗೆ ಉಪಕರಣ ಕೊಳ್ಳಲು 15,000 ರೂಪಾಯಿವರೆಗೆ ನೆರವಿದೆ. ಕಮ್ಮಾರ, ಬಡಗಿ, ಕುಂಬಾರ, ದರ್ಜಿ, ಕಲ್ಲುಕುಟಿಗ, ಹೂ ಕಟ್ಟುವವರು ಎಂದು 18 ಕಸುಬುಗಳ ಪಟ್ಟಿ ಇದೆ. ಒಳ್ಳೆಯದೇ. ಆ ಪಟ್ಟಿಯಲ್ಲಿ ಮೋಟಾರ್ ಮೆಕ್ಯಾನಿಕ್ ಇಲ್ಲ. ಕುರುಗೋಡಿನ ಕಮ್ಮಾರ ಅರ್ಜಿ ಹಾಕಬಹುದು, ಸಿರುಗುಪ್ಪದಲ್ಲಿ ಟ್ರ್ಯಾಕ್ಟರ್ ಬಿಚ್ಚಿ ಜೋಡಿಸುವವನು ಹಾಕುವಂತಿಲ್ಲ. ಪಟ್ಟಿಯಲ್ಲಿ ಇರುವುದು ‘ಸಾಂಪ್ರದಾಯಿಕ’ ಕಸುಬುಗಳು. ಗ್ರೀಸು ಮೆತ್ತಿದ ಕೈ ಸಂಪ್ರದಾಯದೊಳಗೆ ಬರುವುದಿಲ್ಲ.

ಈ ಪಟ್ಟಿ ಮಾಡಿದವರ ರುಚಿಯೂ ನಮ್ಮ ರುಚಿಯೂ ಒಂದೇ ಎಂಬುದನ್ನು ಸಾಹಿತ್ಯಪ್ರಿಯರು ಗಮನಿಸಬೇಕು. ಕುಂಬಾರನ ತಿಗರಿ, ನೇಕಾರನ ಮಗ್ಗ ನಮ್ಮ ಬರಹಗಳಲ್ಲಿ ರೂಪಕಗಳಾಗಿ ಸಲೀಸಾಗಿ ಬಂದುಬಿಡುತ್ತವೆ. ಕಾಯಕದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. 14ರ ಪಾನಾ ಮಾತ್ರ ಇನ್ನೂ ನಮಗೆ ಬರೀ ಕಬ್ಬಿಣ.

ಕೇಳಬೇಕಾದದ್ದು ದೊಡ್ಡದೇನಲ್ಲ. ಪಾನಾ ಗ್ಯಾರೇಜಿನ ಬಂಡವಾಳ, ಅದನ್ನು ಕೊಳ್ಳಬೇಕಾದವನು ಮಾಲೀಕ. ಸ್ವಂತವಾಗಿ ದುಡಿಯುವ ಮೆಕ್ಯಾನಿಕ್ ವಿಶ್ವಕರ್ಮ ಯೋಜನೆಯ ಪಟ್ಟಿಗೆ 19ನೆಯವನಾಗಿ ಸೇರಬೇಕು. ಐಟಿಐ ಮುಗಿಸಿದ ಹುಡುಗನ ಕೈಗೆ ಪ್ರಮಾಣಪತ್ರದ ಜೊತೆ ಒಂದು ಮಾನಕದ ಪಾನಾ ಸೆಟ್ಟೂ ಬರಬೇಕು. ಇನ್ನು ಆಯುಧಪೂಜೆ: ಆ ದಿನ ಕುಂಕುಮ ಹಚ್ಚುವ ಮೊದಲು ಮಾಲೀಕರು ಒಂದೊಂದೇ ಪಾನಾ ಎತ್ತಿ ನೋಡಲಿ. ಬಾಯಿ ಅಗಲವಾದದ್ದನ್ನು ಗುಜರಿಗೆ ಹಾಕಿ, ಆ ಜಾಗದಲ್ಲಿ ತಮ್ಮ ದುಡ್ಡಿನಿಂದ ಹೊಸದನ್ನು ಇಡಲಿ. ಆಮೇಲೆ ಕಾಯಿ ಒಡೆಯಲಿ.