ಕಡಲ ಕಿಟಕಿಗೆ ಪುಣೆಯ ಪರದೆ

ನಮ್ಮ ಪುಣೆ ಕನ್ನಡಿಗರಲ್ಲಿ ಒಂದು ಹೊಸ ಚಾಳಿ ಶುರುವಾಗಿದೆ. ಕುಮಟಾ, ಹೊನ್ನಾವರದ ಕಡೆ ಊರಮನೆ ಇರೋರು ಅಲ್ಲಿಯ ಕಿಟಕಿಗಳಿಗೆ ಬ್ಲೈಂಡ್ಸ್ ಹಾಕಿಸ್ತಾರೆ. ಹಾಕಿಸಲಿ, ಬೇಡ ಅಂದೋರು ಯಾರು? ಆದರೆ ಬ್ಲೈಂಡ್ಸೂ ಪುಣೆಯದು, ಕೂರಿಸೋ ಮನುಷ್ಯನೂ ಪುಣೆಯವನು, ಅವನ ಡ್ರಿಲ್ ಮಷಿನ್ನೂ ಪುಣೆಯದು. ಕೊಲ್ಲಾಪುರ, ಬೆಳಗಾವಿ, ಯಲ್ಲಾಪುರ ದಾಟಿ, ಅರಬೈಲು ಘಾಟಿ ಇಳಿದು, ಐನೂರಕ್ಕೂ ಹೆಚ್ಚು ಕಿಲೋಮೀಟರು ಈ ಸವಾರಿ ಹೋಗುತ್ತೆ. ಮನೆಯಿಂದ ಎರಡು ಫರ್ಲಾಂಗು ದೂರದಲ್ಲಿರೋ ಆಚಾರಿ ಮಾತ್ರ ಯಾರ ಕಣ್ಣಿಗೂ ಬೀಳೋದಿಲ್ಲ.

ಇದು ತಪ್ಪು ಅನ್ನೋದು ನನ್ನ ವಾದ. ದುಡ್ಡಿನ ಲೆಕ್ಕದಲ್ಲೂ ತಪ್ಪು, ಕೆಲಸದ ಲೆಕ್ಕದಲ್ಲೂ ತಪ್ಪು. ಊರಿನ ಜೊತೆ ನಮಗಿರೋ ಋಣದ ಲೆಕ್ಕದಲ್ಲಂತೂ ಇನ್ನೂ ದೊಡ್ಡ ತಪ್ಪು.

ಕನ್ನಡ ಸಂಘದ ಕಾರ್ಯಕ್ರಮ ಮುಗಿದು ಊಟಕ್ಕೆ ಕೂತಾಗ ಈ ಮಾತು ತೆಗೆದು ನೋಡಿ. "ಅಯ್ಯೋ, ಊರಲ್ಲಿ ಯಾರಿದ್ದಾರೆ ಮಾರಾಯ್ರೆ? ಇಲ್ಲಾದ್ರೆ ಪ್ರೊಫೆಶನಲ್ ಸಿಗ್ತಾನೆ" ಅಂತಾರೆ. ಈ ಪ್ರೊಫೆಶನಲ್ ಅಂದರೆ ಯಾರು? ಟೀ ಶರ್ಟಿನ ಮೇಲೆ ಕಂಪನಿ ಹೆಸರು ಹಾಕಿಕೊಂಡು, ಲೇಸರ್‌ನಲ್ಲಿ ಅಳತೆ ಹಿಡಿದು, ಮೊಬೈಲಿನಲ್ಲಿ ಬಿಲ್ಲು ಕಳಿಸೋನೆ? ಅದೆಲ್ಲ ಇರಲಿ, ಒಳ್ಳೆಯದೇ. ಆದರೆ ಯಾವ ಗೋಡೆ, ಯಾವ ಗಾಳಿ, ಯಾವ ದಿಕ್ಕಿನ ಮಳೆ ಅಂತ ತಿಳಿದು ಸ್ಕ್ರೂ ತಿರುಗಿಸೋನನ್ನು ನಮ್ಮ ಹಿರಿಯರು ಕಸುಬುದಾರ ಅಂತಿದ್ದರು. ನನಗೆ ಆ ಹಳೆ ಅರ್ಥವೇ ಸರಿ ಅನ್ನಿಸುತ್ತೆ.

ಪುಣೆಯ ಮನೆಗೆ ಬ್ಲೈಂಡ್ಸ್ ಯಾಕೆ ಬೇಕು ಯೋಚಿಸಿ. ಮಾರ್ಚ್‌ನಿಂದ ಮೇವರೆಗಿನ ಬಿಸಿಲು, ರಸ್ತೆಯ ಧೂಳು, ಎದುರು ಬಿಲ್ಡಿಂಗಿನವರ ಕಣ್ಣು. ಇಷ್ಟನ್ನು ತಡೆದರೆ ಸಾಕು. ಸಮುದ್ರಮಟ್ಟಕ್ಕಿಂತ ಸುಮಾರು 560 ಮೀಟರ್ ಮೇಲಿರೋ ಊರು ಇದು, ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಕುಮಟಾ, ಹೊನ್ನಾವರದಲ್ಲಿ ಹೆಚ್ಚುಕಡಿಮೆ ಇದರ ಐದು ಪಟ್ಟು ಬೀಳುತ್ತೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅದೂ ನೇರವಾಗಿ ಬೀಳೋ ಮಳೆಯಲ್ಲ, ಪಡುವಣ ಗಾಳಿಗೆ ಓರೆಯಾಗಿ ಒಳಗೇ ನುಗ್ಗೋ ಜಡಿ. ಅಲ್ಲಿ ಬೆಳಕನ್ನು ತಡೀಬೇಕು, ಗಾಳಿಯನ್ನು ಬಿಡಬೇಕು. ಗಾಳಿಯನ್ನೂ ತಡೆದರೆ ಎಂಟು ದಿನದಲ್ಲಿ ಗೋಡೆ, ಬಟ್ಟೆ, ಪುಸ್ತಕ ಎಲ್ಲದರ ಮೇಲೂ ಬೂಷ್ಟು.

ಇನ್ನು ಗೋಡೆ. ಇಲ್ಲಿಯ ಫ್ಲ್ಯಾಟಿನ ಕಾಂಕ್ರೀಟಿಗೆ ತೂತು ಕೊರೆದು, ಪ್ಲಾಸ್ಟಿಕ್ ಪ್ಲಗ್ ತೂರಿಸಿ, ಸ್ಕ್ರೂ ಬಿಗಿದರೆ ಆನೆ ಎಳೆದರೂ ಬರೋದಿಲ್ಲ. ಊರಿನ ಗೋಡೆ ಚಿರೆಕಲ್ಲಿಂದು. ಮೈಯೆಲ್ಲ ತೂತು ಇರೋ ಕಲ್ಲು ಅದು. ಡ್ರಿಲ್ ತಾಗಿದ್ದೇ ಕೆಂಪು ಪುಡಿ ಉದುರಿ ತೂತು ಬೇಕಾದ್ದಕ್ಕಿಂತ ದೊಡ್ಡದಾಗುತ್ತೆ, ಪ್ಲಗ್ ಅದರೊಳಗೆ ಗಿರಗಿರ ತಿರುಗುತ್ತೆ. ಇದನ್ನು ತಿಳಿದ ಆಚಾರಿ ಕಲ್ಲಿಗೆ ಕೈಯೇ ಹಾಕೋದಿಲ್ಲ. ಕಿಟಕಿಯ ಮರದ ಚೌಕಟ್ಟಿಗೆ ಅಡ್ಡಪಟ್ಟಿ ಕೂರಿಸಿ, ಬ್ರ್ಯಾಕೆಟ್ಟನ್ನು ಆ ಪಟ್ಟಿಗೆ ಬಿಗೀತಾನೆ. ಹಲಸಿನ ಚೌಕಟ್ಟಾದರೆ ಇನ್ನೊಂದು ತಲೆಮಾರು ಹಿಡಿದಿರುತ್ತೆ.

ಎಲ್ಲಕ್ಕಿಂತ ದೊಡ್ಡ ವೈರಿ ಉಪ್ಪು. ಗಾಳಿಯಲ್ಲಿ ಬರೋ ಉಪ್ಪು ಲೋಹದ ಮೇಲೆ ಕೂತು, ತೇವ ಹೀರಿಕೊಂಡು ಅದನ್ನು ಕೊರೀತಾ ಹೋಗುತ್ತೆ. 'ಸ್ಟೀಲು' ಅಂತ ನಂಬಿ ಕೊಳ್ಳೋ ಸ್ಕ್ರೂಗಳಲ್ಲೂ ದರ್ಜೆಗಳಿವೆ. ಸಾಮಾನ್ಯವಾಗಿ ಸಿಗೋ 304 ದರ್ಜೆಯದ್ದೂ ಕಡಲ ಹತ್ತಿರ ಕಂದು ಕಲೆ ಬಿಡುತ್ತೆ. 316 ದರ್ಜೆಯದರಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಇರೋದರಿಂದ ಅದು ಉಪ್ಪಿಗೆ ಚೆನ್ನಾಗಿ ತಡೀತದೆ. ಅಲ್ಯೂಮಿನಿಯಂ ಪಟ್ಟಿಗೆ ಚೆಂದ ಕಾಣಲಿ ಅಂತ ಹಿತ್ತಾಳೆ ಸ್ಕ್ರೂ ಹಾಕಿದರೋ, ಉಪ್ಪುತೇವದಲ್ಲಿ ಎರಡೂ ಸೇರಿ ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ಸವೆದುಹೋಗುತ್ತೆ.

ಇನ್ನೊಂದು ವಿಚಿತ್ರ ಕೇಳಿ. ಮಳೆಗೆ ನೆನೆಯೋ ಲೋಹಕ್ಕಿಂತ ಮಾಡಿನ ಕೆಳಗೆ ಆಸರೆಯಲ್ಲಿರೋ ಲೋಹವೇ ಎಷ್ಟೋ ಸಲ ಬೇಗ ಹಾಳಾಗುತ್ತೆ. ಹೊರಗಿನದ್ದನ್ನು ಮಳೆ ತೊಳೆಯುತ್ತೆ, ಒಳಗಿನದ್ದರ ಮೇಲೆ ಉಪ್ಪು ಹಾಗೇ ಕೂತಿರುತ್ತೆ. ಅದಕ್ಕೆ ಒಂದೇ ಮದ್ದು, ಆಗಾಗ ಸಿಹಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸೋದು. ವರ್ಷದಲ್ಲಿ ಹನ್ನೊಂದು ತಿಂಗಳು ಬೀಗ ಹಾಕಿರೋ ಮನೆಯಲ್ಲಿ ಒರೆಸೋರು ಯಾರು? ಪುಣೆಯ ಕಂಪನಿಯ ಐದು ವರ್ಷದ ಗ್ಯಾರಂಟಿ ಕಾರ್ಡು ಎದ್ದು ಬಂದು ಒರೆಸುತ್ತಾ?

ಗೊತ್ತಿರೋರ ಮನೆಯೊಂದರಲ್ಲಿ ನಡೆದದ್ದು ಹೇಳ್ತೀನಿ. ಏಪ್ರಿಲ್‌ನಲ್ಲಿ ಇಲ್ಲಿಂದ ಜನ ಹೋಗಿ ಆರು ಕಿಟಕಿಗೆ ರೋಲರ್ ಬ್ಲೈಂಡ್ಸ್ ಕೂರಿಸಿ ಬಂದರು. ಫೋಟೋ ನೋಡಿ ನಾವೆಲ್ಲ ಭೇಷ್ ಅಂದೆವು. ಚೌತಿಗೆ ಬೀಗ ತೆಗೆದರೆ ಎರಡರ ಒಳಗಿನ ಸ್ಪ್ರಿಂಗು ತುಕ್ಕು ಹಿಡಿದು ಅಲ್ಲಾಡೋದಿಲ್ಲ, ಬಟ್ಟೆಯ ಮೇಲೆ ಕರೀ ಚುಕ್ಕಿ, ಪಡುಗೋಣೆಯದು ಬ್ರ್ಯಾಕೆಟ್ ಸಮೇತ ನೆಲದ ಮೇಲೆ. ಕಂಪನಿಗೆ ಫೋನು ಮಾಡಿದರೆ, ಕಡಲತೀರದ ಮನೆಗೆ ಗ್ಯಾರಂಟಿ ಅನ್ವಯಿಸೋದಿಲ್ಲ, ಬಂದು ನೋಡೋಕೆ ಬೇರೆ ಚಾರ್ಜು ಅಂದರು. ಕೊನೆಗೆ ಸಾಯಂಕಾಲ ಆಚಾರಿಗೇ ಹೇಳಿಕಳಿಸಿದ್ದಾಯ್ತು. ಅವನು ನೆಲದ ಮೇಲೆ ಬಿದ್ದದ್ದನ್ನು ತಿರುಗಿಸಿ ನೋಡಿ, "ಮೊದ್ಲೇ ಹೇಳ್ಕಳಿಸೂಕೆ ಏನಾಗಿತ್ರಾ?" ಅಂತ ಒಂದೇ ಮಾತು ಕೇಳಿದ. ಉತ್ತರ ಯಾರ ಹತ್ತಿರವೂ ಇರಲಿಲ್ಲ.

ಪುಣೆಯಿಂದ ಹೋದ ಹುಡುಗನನ್ನು ನಾನು ಬಯ್ಯೋದಿಲ್ಲ. ಹನ್ನೆರಡನೇ ಮಹಡಿಯ ಕಾಂಕ್ರೀಟಿನಲ್ಲಿ ಅವನು ಪಳಗಿದ ಕಸುಬುದಾರನೇ. ಬೀಡಿನಿಂದಲೋ ಲಾತೂರಿನಿಂದಲೋ ಹೊಟ್ಟೆಪಾಡಿಗೆ ಬಂದು ನಮ್ಮ ಹಾಗೇ ಬಾಡಿಗೆ ಕೋಣೆಯಲ್ಲಿರೋನು. ಚಿರೆಕಲ್ಲನ್ನೇ ನೋಡದವನ ಕೈಗೆ ಚಿರೆಕಲ್ಲಿನ ಗೋಡೆ ಕೊಟ್ಟಿದ್ದು ಅವನ ತಪ್ಪೇ?

ಈಗ ಎದುರುವಾದಕ್ಕೆ ಬರೋಣ. "ಊರಿನವರು ಹೇಳಿದ ದಿನ ಬರೋದಿಲ್ಲ." ನಿಜ. ಆದರೆ ನಾವು ಯಾವಾಗ ಕರೀತೀವಿ? ಮೇ ತಿಂಗಳ ಹತ್ತು ದಿನ, ಚೌತಿಯ ನಾಲ್ಕು ದಿನ. ಮುಂಬಯಿ, ಪುಣೆ, ಬೆಂಗಳೂರಿನಿಂದ ಬಂದವರೆಲ್ಲ ಅದೇ ಹೊತ್ತಿಗೆ ಬಾಗಿಲು, ಕಿಟಕಿ, ಮಾಡು ಅಂತ ಒಬ್ಬನನ್ನೇ ಹಿಡಿದು ಎಳೆದರೆ ಅವನೇನು ಮಾಡಬೇಕು? ಉಳಿದ ದಿನ ಅವನಿಗೆ ಕೆಲಸವೇ ಇರೋದಿಲ್ಲ. "ಊರಲ್ಲಿ ಆಚಾರಿಗಳೇ ಉಳಿದಿಲ್ಲ" ಅಂತ ಇನ್ನೊಂದು ರಾಗ. ಹೇಗೆ ಉಳೀತಾರೆ? ಬಾಗಿಲು ಫ್ಯಾಕ್ಟರಿಯಿಂದ, ಕಪಾಟು ಆನ್‌ಲೈನಿನಿಂದ, ಬ್ಲೈಂಡ್ಸು ಪುಣೆಯಿಂದ. ಮುರಿದದ್ದನ್ನು ಜೋಡಿಸೋಕೆ ಮಾತ್ರ ಆಚಾರಿ. ಅವನ ಮಗ ಗೋವಾಕ್ಕೋ ಪುಣೆಗೋ ಹೊರಟುಹೋದರೆ, ಅವನನ್ನು ಹೊರಡಿಸಿದ್ದರಲ್ಲಿ ನಮ್ಮ ಪಾಲೂ ಇದೆ ಸ್ವಾಮಿ.

ಪುಣೆಯವರನ್ನೇ ನೋಡಿ ಕಲಿಯಬಹುದಿತ್ತು. ಕರಾವಳಿಯಿಂದ ಹುಡುಗನಾಗಿ ಬಂದ ಜಗನ್ನಾಥ ಶೆಟ್ಟರು ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ವೈಶಾಲಿಯನ್ನು ಬೆಳೆಸಿದರು, 2023ರಲ್ಲಿ ತೀರಿಕೊಂಡರು. ತಲೆಮಾರುಗಟ್ಟಲೆ ಪುಣೇಕರರು ಅಲ್ಲಿ ಸಾಲು ನಿಂತು ದೋಸೆ ತಿಂದಿದ್ದಾರೆ. ದೋಸೆಗೆ ಕರಾವಳಿಯ ಕೈ ಬೇಕು ಅಂತ ಮರಾಠಿಗರು ಒಪ್ಪಿಕೊಂಡರು. ಕರಾವಳಿಯ ಕಿಟಕಿಗೆ ಕರಾವಳಿಯ ಕೈ ಬೇಕು ಅಂತ ಒಪ್ಪಿಕೊಳ್ಳೋಕೆ ಕರಾವಳಿಯವರಾದ ನಮಗೇ ಕಷ್ಟವಾಗ್ತಿದೆ.

ಹಾಗಂತ ಹಳೇಕಾಲದ ಗೀಳಿನವರ ಜೊತೆಗೂ ನನಗೆ ಜಗಳವಿದೆ. "ಬ್ಲೈಂಡ್ಸ್ ಯಾಕೆ, ಮಡಲಿನ ತಟ್ಟಿ ಕಟ್ಟಿದರಾಯ್ತು" ಅಂತಾರೆ ಅವರು, ಕೋಥ್ರೂಡಿನ ಫ್ಲ್ಯಾಟಿನಲ್ಲಿ ಕೂತು. ತಟ್ಟಿಯನ್ನು ಪ್ರತಿ ವರ್ಷ ಹೊಸದಾಗಿ ಹೆಣೆದು ಕಟ್ಟೋರು ಯಾರು? ಪಡುಗೋಣೆಯಲ್ಲಿ ಮಲಗಿರೋ ಎಂಬತ್ತರ ಅಮ್ಮನ ಕಣ್ಣಿಗೆ ಮೂರು ಗಂಟೆಯ ಬಿಸಿಲು ಚುಚ್ಚುತ್ತೆ. ಹಾಸಿಗೆಯಿಂದಲೇ ಎಳೆದು ಮುಚ್ಚೋ ಪರದೆ ಅವಳಿಗೆ ಬೇಕೇ ಬೇಕು. ತಟ್ಟಿಯೇ ಇಷ್ಟವಾದರೆ ಬಿದಿರಿನದನ್ನು ಮೇದಾರರಿಂದ ಮಾಡಿಸಿ, ಸರಿಯಾದ ಬೆಲೆ ಕೊಟ್ಟು. ಪುಣೆಯ ಹಳೇ ಪೇಟೆಯಲ್ಲೇ ಬುರುಡ ಆಳಿ ಅಂತ ಬಿದಿರು ಕೆಲಸದವರ ಓಣಿಯಿದೆ, ನಮ್ಮವರು ಎಷ್ಟು ಜನ ನೋಡಿದ್ದಾರೆ? ಹನ್ನೆರಡನೇ ಶತಮಾನದಲ್ಲಿ ಮೇದಾರ ಕೇತಯ್ಯನನ್ನು ಶರಣ ಅಂತ ಕರೆದ ನಾಡಿನವರು ನಾವು. ಬಸವ ಜಯಂತಿಯ ದಿನ ಕಾಯಕದ ಬಗ್ಗೆ ಭಾಷಣ ಮಾಡಿ, ಮಾರನೇ ದಿನ ಕಾಯಕದವನ ಹತ್ತಿರ ಐವತ್ತು ರೂಪಾಯಿಗೆ ಚೌಕಾಸಿ ಮಾಡ್ತೀವಿ. ಕಂಪನಿಯ ಬಿಲ್ಲಿಗೆ ಮಾತ್ರ ತುಟಿ ಪಿಟಕ್ ಅನ್ನೋದಿಲ್ಲ.

ಮಾಡಬೇಕಾದ್ದು ದೊಡ್ಡ ವಿದ್ಯೆಯೇನಲ್ಲ. ಹಬ್ಬದ ಗಡಿಬಿಡಿ ಬಿಟ್ಟು ಡಿಸೆಂಬರ್, ಜನವರಿಯಲ್ಲಿ ಆಚಾರಿಗೆ ಫೋನು ಮಾಡಿ, ಅಳತೆ ಅವನೇ ತೆಗೆಯಲಿ. ಬ್ಲೈಂಡ್ಸ್ ಪುಣೆಯಿಂದಲೇ ಕೊಳ್ಳೋದಾದರೂ ಯಾವುದು ಕೊಳ್ಳಬೇಕು ಅಂತ ಅವನನ್ನು ಕೇಳಿ. ಗಾಳಿಯಾಡೋ ಪಾಲಿಯೆಸ್ಟರ್ ಜಾಲರಿ ಇರಲಿ, ಹತ್ತಿ ಬಟ್ಟೆ ಬೇಡ. ಒಳಗೆ ಸ್ಪ್ರಿಂಗಿರೋದು ಬೇಡ, ಪ್ಲಾಸ್ಟಿಕ್ ಸರಪಳಿ ಎಳೆಯೋದು ಸಾಕು. ಮೊಮ್ಮಕ್ಕಳು ಬರೋ ಮನೆಯಾದರೆ ಆ ಸರಪಳಿಯ ಕುಣಿಕೆ ಕೊರಳಿಗೆ ಬೀಳದ ಹಾಗೆ ಗೋಡೆಗೆ ಬಿಗಿದು ಕಟ್ಟಿಸಿ, ಇದರಲ್ಲಿ ಉದಾಸೀನ ಸಲ್ಲದು. 316 ದರ್ಜೆಯ ಸ್ಕ್ರೂ ಊರಲ್ಲಿ ಸಿಗದಿದ್ದರೆ ಇಲ್ಲಿಂದ ನೀವೇ ಒಯ್ದುಕೊಡಿ, ಅದು ಜೇಬಿನಲ್ಲಿ ಹಿಡಿಯೋ ಸಾಮಾನು.

ಆಮೇಲೆ ಮುಖ್ಯವಾದ ಮಾತು. ಕೂಲಿಯನ್ನು ಪುಣೆಯವನಿಗೆ ಕೊಡ್ತಿದ್ದ ದರದಲ್ಲೇ ಕೊಡಿ. ಜೊತೆಗೆ ತಿಂಗಳಿಗೊಮ್ಮೆ ಬಂದು ಕಿಟಕಿ ತೆಗೆದು, ಗಾಳಿ ಆಡಿಸಿ, ಉಪ್ಪು ಒರೆಸಿ, ಮಳೆಗಾಲಕ್ಕೆ ಪರದೆ ಸುತ್ತಿಡೋದಕ್ಕೆ ವರ್ಷಕ್ಕಿಷ್ಟು ಅಂತ ಗೊತ್ತು ಮಾಡಿ. ಇಲ್ಲಿಯ ಸೊಸೈಟಿಗೆ ತಿಂಗಳು ತಿಂಗಳು ಮೇಂಟೆನೆನ್ಸ್ ಕಟ್ಟೋದಿಲ್ವೆ? ಹುಟ್ಟಿದ ಮನೆಗೆ ಕಟ್ಟೋಕೆ ಯಾಕೆ ಕೈ ನಡುಗಬೇಕು? ಊರಲ್ಲಿ ವರ್ಷಪೂರ್ತಿ ಇಂಥ ಹತ್ತು ಮನೆ ಸಿಕ್ಕರೆ ಆಚಾರಿಯ ಮಗ ಗೋವಾದ ಬಸ್ಸು ಹತ್ತೋ ಮೊದಲು ಎರಡು ಸಲ ಯೋಚಿಸ್ತಾನೆ.

ಹೊಟ್ಟೆಪಾಡಿಗೆ ಊರು ಬಿಟ್ಟಿದ್ದಕ್ಕೆ ನಾವು ಯಾರಿಗೂ ತಲೆ ತಗ್ಗಿಸಬೇಕಿಲ್ಲ. ಬಿಟ್ಟುಬಂದ ಊರನ್ನು ಪುಣೆಯಿಂದಲೇ ನಡೆಸ್ತೀವಿ ಅನ್ನೋ ಜಂಭಕ್ಕೆ ತಗ್ಗಿಸಬೇಕಾದೀತು. ಈ ಸಲ ಪುಣೆಯ ಅಂಗಡಿಗೆ ಅಡ್ವಾನ್ಸ್ ಕೊಡೋ ಮೊದಲು ಆಚಾರಿಗೆ ಒಂದು ಫೋನು ಮಾಡಿ. ಅವನು ಎತ್ತದಿದ್ದರೆ ಸಂಜೆ ಇನ್ನೊಂದು ಸಲ ಮಾಡಿ. ಆ ಹೊತ್ತಿಗೆ ಕೆಲಸದಿಂದ ಬಂದಿರ್ತಾನೆ.