ಹೊಂಡ ಮುಚ್ಚುವುದಿಲ್ಲ

"ಇನ್ನೂ ಹೊಂಡ ಮುಚ್ಚಿಸಿಲ್ವಾ ಅಕ್ಕಾ?"

ನಮ್ಮ ಬೀದಿಯಲ್ಲಿ ಈಗ ಕ್ಷೇಮಸಮಾಚಾರ ಕೇಳುವ ಕ್ರಮವೇ ಇದು. ಕಳೆದ ಮಳೆಗಾಲದಲ್ಲಿ ಎರಡು ಮನೆಗೆ ಡೆಂಗೆ ಜ್ವರ ಬಂದಮೇಲಂತೂ ಹಿತ್ತಿಲಲ್ಲಿ ನೀರು ಇಟ್ಟುಕೊಂಡ ನಾನು ಅಪರಾಧಿಯೇ ಆಗಿಬಿಟ್ಟೆ. ಮಗನೂ ಅವರ ಪಕ್ಷ. ಮಣ್ಣು ತುಂಬಿಸಿ ಇಂಟರ್‌ಲಾಕ್ ಹಾಸಿದರೆ ಕಾರು ನಿಲ್ಲಿಸಬಹುದು ಎಂಬುದು ಅವನ ಲೆಕ್ಕ. ಸೊಳ್ಳೆ ಬರೀ ನೆಪ.

ನಾನು ಮುಚ್ಚಿಸುವುದಿಲ್ಲ. ಯಾಕೆಂದು ಹೇಳುತ್ತೇನೆ, ಜಗಳವಾದರೆ ಆಗಲಿ.

ಹೊಂಡವೆಂದರೆ ಭಾರೀ ಏನಲ್ಲ. ಬಾವಿಕಟ್ಟೆಯಲ್ಲಿ ಚೆಲ್ಲಿದ ನೀರು ನಿಲ್ಲಲೆಂದು ನಮ್ಮತ್ತೆ ತೋಡಿಸಿದ್ದು. ಎರಡು ಮಾರು ಉದ್ದ, ಸೊಂಟದಾಳ. ಅಂಚಿಗೆ ಕೆಸು, ಒಂದೆಲಗ. ಮೊಮ್ಮಕ್ಕಳು ಬೀಳಬಾರದೆಂದು ಸುತ್ತ ಬೇಲಿ ಕಟ್ಟಿಸಿ ಒಂದು ಗೇಟು ಇಡಿಸಿದ್ದೇನೆ. ಆ ಭಯ ನ್ಯಾಯವಾದದ್ದು, ಒಪ್ಪುತ್ತೇನೆ.

ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿಂಬಾಗಿಲ ಮೆಟ್ಟಿಲ ಮೇಲೆ ಕಾಲು ಗಂಟೆ ಕೂರುತ್ತೇನೆ. ಮಿಂಚುಳ್ಳಿ ಪೇರಲೆ ಕೊಂಬೆಯಿಂದ ನೀರಿಗೆ ಬಿದ್ದು, ಹಿಡಿದ ಮೀನನ್ನು ಕೊಂಬೆಗೆ ಚಚ್ಚಿ ಚಚ್ಚಿ ತಲೆಯ ಕಡೆಯಿಂದ ನುಂಗುತ್ತದೆ. ಕೊಳದ ಬಕ ಕೆಸರಿನ ಬಣ್ಣದಲ್ಲಿ ಕೆಸರಾಗಿಯೇ ನಿಂತಿರುತ್ತದೆ. ಹಾರಿದಾಗ ಮಾತ್ರ ಅರೆ! ಮಡಿ ಪಂಚೆಯಂಥ ಬಿಳಿ ರೆಕ್ಕೆ. ಒಂದು ಮಳೆಗಾಲ ನೀರಿನ ಮೇಲೆ ಬಾಗಿದ ಕೆಸುವಿನೆಲೆಗೆ ಬಿಳಿ ನೊರೆ ಅಂಟಿತ್ತು. ಸೋಪಿನ ನೊರೆ ಯಾರು ಎರಚಿದರೆಂದು ಕೆಲಸದವಳನ್ನು ಬೈದೂಬಿಟ್ಟೆ. ಅದು ಮರಗಪ್ಪೆಯ ಗೂಡು! ಕೆಲವು ದಿನಕ್ಕೆ ನೊರೆ ಕರಗಿ, ಒಳಗಿಂದ ಗೊದಮೊಟ್ಟೆಗಳು ಒಂದೊಂದಾಗಿ ನೀರಿಗೆ ಉದುರಿದವು. ಅವಳ ಕ್ಷಮೆ ಕೇಳಬೇಕಾಯಿತು.

"ನಿಮಗೆ ಟೈಮಿದೆಯಪ್ಪಾ" ಎನ್ನುತ್ತಾರೆ. ಸಂಜೆಯಿಡೀ ಧಾರಾವಾಹಿ ನೋಡುವವರನ್ನು ಯಾರೂ ಹೀಗೆ ಕೇಳಿದ್ದು ನಾನು ಕಾಣೆ. ಮೂವತ್ತು ವರ್ಷ ಇಡೀ ಮನೆಯ ತಿಂಡಿ, ಡಬ್ಬಿ, ಔಷಧಿಯ ಹೊತ್ತು ನೋಡಿದವಳಿಗೆ ಕಾಲು ಗಂಟೆ ಬಕ ನೋಡುವ ಹಕ್ಕಿಲ್ಲವೇ?

ಸೊಳ್ಳೆಯ ವಿಷಯಕ್ಕೆ ಬರೋಣ. ಡೆಂಗೆ ಹರಡುವ ಈಡಿಸ್ ಸೊಳ್ಳೆ ಹಗಲಲ್ಲಿ ಕಚ್ಚುವಂಥದ್ದು. ಅದಕ್ಕೆ ಹೊಂಡ ಬೇಡ. ಹೂಕುಂಡದ ತಟ್ಟೆ, ಹಳೇ ಟೈರು, ತೆಂಗಿನ ಚಿಪ್ಪು, ಫ್ರಿಜ್ಜಿನ ಹಿಂದಿನ ಟ್ರೇ, ಮುಚ್ಚಳ ಸರಿಯಿಲ್ಲದ ಸಂಪು ಸಾಕು. ಮೊಟ್ಟೆ ಒಡೆದು ರೆಕ್ಕೆ ಬರಲು ಎಂಟು ಹತ್ತು ದಿನ. ನನಗೆ ಬುದ್ಧಿ ಹೇಳಲು ಬಂದವರೊಬ್ಬರ ಮನೆಯಲ್ಲಿ ಮನಿಪ್ಲಾಂಟಿನ ಬಾಟಲಿ ತೋರಿಸಿದೆ. ಒಳಗೆ ಹುಳುಗಳು ಕುಣಿಯುತ್ತಿದ್ದವು. ಅಂದಿನಿಂದ ಅವರು ಮಾತು ಬಿಟ್ಟಿದ್ದಾರೆ!

ನಮ್ಮ ಹೊಂಡದಲ್ಲಿ ಸೊಳ್ಳೆಮರಿ ಉಳಿಯುವುದು ಕಷ್ಟ. ನೆತ್ತಿಯ ಮೇಲೆ ಬೆಳ್ಳಿ ಚುಕ್ಕೆಯಿರುವ ಪುಟ್ಟ ಮೀನುಗಳಿವೆ, ಏರೋಪ್ಲೇನ್ ಚಿಟ್ಟೆಯ ಮರಿಗಳಿವೆ. ಎರಡಕ್ಕೂ ಅದೇ ಊಟ. ಒಂದು ಸಲ ಮಾತ್ರ ತಪ್ಪಿತು. ಬಟ್ಟೆ ಒಗೆದ ಸೋಪಿನ ನೀರು ಹೊಂಡಕ್ಕೆ ಹರಿಯುವುದನ್ನು ನಾನೇ ಗಮನಿಸಲಿಲ್ಲ. ಮೀನು ಸತ್ತವು, ಆ ತಿಂಗಳು ಸೊಳ್ಳೆಹುಳು ಕಂಡದ್ದು ನಿಜ. ತಪ್ಪು ಹೊಂಡದ್ದಲ್ಲ, ನನ್ನದು. ಆಗೊಬ್ಬರು ಗಂಬೂಸಿಯಾ ಮೀನು ಬಿಡಿ ಎಂದರು. 1928ರಲ್ಲಿ ಹೊರದೇಶದಿಂದ ತಂದ ಆ ಮೀನು ಸೊಳ್ಳೆಮರಿಯ ಜೊತೆಗೆ ಗೊದಮೊಟ್ಟೆಯನ್ನೂ ತಿನ್ನುತ್ತದೆ. ಜಗತ್ತಿನ ನೂರು ಅತಿ ಉಪದ್ರವಕಾರಿ ವಲಸೆ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಬೇಡವೆಂದು ಕೆರೆಯಿಂದ ನಮ್ಮೂರ ಮೀನನ್ನೇ ತಂದು ಬಿಟ್ಟೆ.

ಏರೋಪ್ಲೇನ್ ಚಿಟ್ಟೆಯದು ಇನ್ನೊಂದು ಕಥೆ. ಮಳೆ ಮುಗಿಯುವ ಹೊತ್ತಿಗೆ ಹಿಂಡುಹಿಂಡಾಗಿ ಹಾರುವ ಹಳದಿ ಜಾತಿಯೊಂದಿದೆಯಲ್ಲ, ಅದು ಹಿಂದೂ ಮಹಾಸಾಗರ ದಾಟಿ ಆಫ್ರಿಕಾದವರೆಗೆ ಹೋಗುತ್ತದೆಂದು ಮಾಲ್ಡೀವ್ಸಿನಲ್ಲಿದ್ದ ವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಬರೆದರು. ನಾನು ಬೆಂಗಳೂರು ದಾಟಿದವಳಲ್ಲ.

ಹಾವು? ಬರುತ್ತದೆ. ಹೆಚ್ಚಾಗಿ ನೀರುಹಾವು, ಕಚ್ಚೀತು, ವಿಷವಿಲ್ಲ. ಆದರೂ ರಾತ್ರಿ ಟಾರ್ಚಿಲ್ಲದೆ ಆ ಕಡೆ ಯಾರನ್ನೂ ಬಿಡುವುದಿಲ್ಲ.

ಕಳೆದ ಭಾನುವಾರ ಮಗ ಅಳತೆ ಟೇಪು ಹಿಡಿದು ಬಂದ. ಕೆಸುವಿನ ಬುಡದಿಂದ ಬಿಳಿ ಎದೆಯ ಹುಂಡುಕೋಳಿ ಹೊರಟಿತು, ಹಿಂದೆ ಮಸಿಯಂಥ ಐದು ಮರಿ. ಟೇಪು ಎಳೆದವನು ಹಾಗೇ ನಿಂತ. "ಇವು ದೊಡ್ಡವಾಗೋಕೆ ಎಷ್ಟು ದಿನ ಬೇಕಮ್ಮಾ?" ಎಂದ. ನಾನು ಉತ್ತರ ಕೊಡಲಿಲ್ಲ. ಅವನು ಒಳಗೆ ಹೋದಮೇಲೆ ಬೇಲಿಯ ಗೇಟಿಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.